ಬೀಗ ತೆಗೆದ ಕೋಣೆಯಲ್ಲಿ ಭಯ ಎಲ್ಲಿಂದ ಬರಬೇಕು? ‘ಚಂದ್ರಮುಖಿ 2’ ಸೋತದ್ದೇಕೆ

ಒಂದೇ ಅರಮನೆ, ಒಬ್ಬಳೇ ನರ್ತಕಿ, ಒಬ್ಬನೇ ಕ್ರೂರ ರಾಜ. ಇಷ್ಟನ್ನೇ ಇಟ್ಟುಕೊಂಡು ನಿರ್ದೇಶಕ ಪಿ. ವಾಸು ಐದು ಸಿನಿಮಾ ಮಾಡಿದ್ದಾರೆ. 2004ರಲ್ಲಿ ಕನ್ನಡದ ‘ಆಪ್ತಮಿತ್ರ’, 2005ರಲ್ಲಿ ತಮಿಳಿನ ‘ಚಂದ್ರಮುಖಿ’, 2010ರ ಫೆಬ್ರವರಿಯಲ್ಲಿ ಕನ್ನಡದ ‘ಆಪ್ತರಕ್ಷಕ’, ಅದೇ ವರ್ಷದ ಡಿಸೆಂಬರ್‌ನಲ್ಲಿ ಅದರ ತೆಲುಗು ರೂಪ ‘ನಾಗವಲ್ಲಿ’, ಕೊನೆಗೆ 2023ರ ಸೆಪ್ಟೆಂಬರ್ 28ರಂದು ‘ಚಂದ್ರಮುಖಿ 2’. ಮೊದಲ ಮೂರನ್ನು ಜನ ಎದೆಗಪ್ಪಿಕೊಂಡರು, ಉಳಿದೆರಡು ನಿಲ್ಲಲಿಲ್ಲ. ಅದರಲ್ಲೂ ‘ಚಂದ್ರಮುಖಿ 2’ಗೆ ಯಾವುದಕ್ಕೂ ಕೊರತೆ ಇರಲಿಲ್ಲ. ಲೈಕಾದಂಥ ದೊಡ್ಡ ನಿರ್ಮಾಣ ಸಂಸ್ಥೆ, ಅದೇ ವರ್ಷ ಆಸ್ಕರ್ ಪಡೆದಿದ್ದ ಕೀರವಾಣಿ ಸಂಗೀತ, ನಾಲ್ಕು ರಾಷ್ಟ್ರಪ್ರಶಸ್ತಿ ಗೆದ್ದ ಕಂಗನಾ ರಣಾವತ್, ಹಳೆಯ ಚಿತ್ರದಿಂದ ಮರಳಿ ಬಂದ ವಡಿವೇಲು ಎಲ್ಲರೂ ಇದ್ದರು. ಆದರೂ ವಿಮರ್ಶಕರು ಒಪ್ಪಲಿಲ್ಲ, ಪ್ರೇಕ್ಷಕರ ಸಂಖ್ಯೆ ಬಹುಬೇಗ ಕರಗಿತು, ತಿಂಗಳು ತುಂಬುವ ಹೊತ್ತಿಗೆ ಚಿತ್ರ ನೆಟ್‌ಫ್ಲಿಕ್ಸ್‌ಗೆ ಬಂದಿತ್ತು.

ಸೋಲಿಗೆ ಆಗ ಎಲ್ಲರ ಬಾಯಲ್ಲೂ ಓಡಾಡಿದ ಕಾರಣಗಳು ಮೂರು. ರಜನಿಕಾಂತ್ ಇಲ್ಲ, ಗ್ರಾಫಿಕ್ಸ್ ಸರಿಯಿಲ್ಲ, ಹಾಸ್ಯ ಹಳತು. ಮೂರರಲ್ಲೂ ಹುರುಳಿದೆ. ಸೆಪ್ಟೆಂಬರ್ 15ಕ್ಕೆ ಬರಬೇಕಿದ್ದ ಚಿತ್ರವನ್ನು ತಾಂತ್ರಿಕ ಕೆಲಸ ಬಾಕಿ ಇದೆ ಎಂದು ಎರಡು ವಾರ ಮುಂದೂಡಲಾಗಿತ್ತು. ಅಷ್ಟಾಗಿಯೂ ತೆರೆಯ ಮೇಲೆ ಕೆಲಸ ಅವಸರದ್ದೇ ಎನಿಸಿತು. ಆದರೆ ಇವೆಲ್ಲ ಮೇಲುಮೇಲಿನ ಮಾತು. ‘ಆಪ್ತಮಿತ್ರ’ದ ಗ್ರಾಫಿಕ್ಸ್ ಇಂದಿನ ಕಣ್ಣಿಗೆ ತೀರಾ ಸಾಧಾರಣ, ಅದರ ಹಾವನ್ನು ನೋಡಿ ಇವತ್ತಿನ ಮಕ್ಕಳು ನಗುತ್ತಾರೆ. ಆದರೆ ಟಿವಿಯಲ್ಲಿ ಸೌಂದರ್ಯ ಕಣ್ಣು ಅರಳಿಸಿ ತಿರುಗಿದ ಕ್ಷಣ ಅದೇ ಮಕ್ಕಳು ಸುಮ್ಮನಾಗುತ್ತಾರೆ. ಈ ಚಿತ್ರಗಳಲ್ಲಿ ಭಯ ಹುಟ್ಟುತ್ತಿದ್ದ ಜಾಗವೇ ಬೇರೆ. ಮುಂದಿನ ಭಾಗ ಮಾಡುವವರು ಆ ಜಾಗವನ್ನೇ ಮರೆತರು ಎಂಬುದು ನನ್ನ ವಾದ.

ಅದಕ್ಕೆ ಮೂಲಕ್ಕೇ ಹೋಗಬೇಕು. 1993ರಲ್ಲಿ ಮಲಯಾಳಂನಲ್ಲಿ ಮಧು ಮುಟ್ಟಂ ಬರೆದು ಫಾಸಿಲ್ ನಿರ್ದೇಶಿಸಿದ ‘ಮಣಿಚಿತ್ರತ್ತಾಳ್’ ಈ ಎಲ್ಲ ಚಿತ್ರಗಳ ತಾಯಿಬೇರು. ಗಂಗೆಯ ಪಾತ್ರಕ್ಕೆ ಶೋಭನಾಗೆ ರಾಷ್ಟ್ರಪ್ರಶಸ್ತಿ ಬಂತು. ಕಥೆ ಮೇಲ್ನೋಟಕ್ಕೆ ಪಕ್ಕಾ ಭೂತಬಂಗಲೆಯದು. ಹಳೆಯ ಮನೆ, ಬೀಗ ಜಡಿದ ಕೋಣೆ, ಹಿರಿಯರ ಎಚ್ಚರಿಕೆ, ಆ ಎಚ್ಚರಿಕೆಯನ್ನು ಮೀರುವ ಹೊಸ ಸೊಸೆ. ಬೀಗ ತೆಗೆದ ಮೇಲೆ ಗೆಜ್ಜೆ ಸದ್ದು, ತಾನಾಗಿ ಹತ್ತಿಕೊಳ್ಳುವ ಬೆಂಕಿ, ಒಡೆಯುವ ಪಾತ್ರೆ. ಅನುಮಾನ ಮನೆಯ ಇನ್ನೊಬ್ಬ ಹುಡುಗಿಯ ಮೇಲೆ ಹೋಗುತ್ತದೆ. ಅಷ್ಟರಲ್ಲಿ ಅಮೆರಿಕದಿಂದ ಬಂದ ಮನೋವೈದ್ಯ ಒಬ್ಬ ಎಲ್ಲರನ್ನೂ ನಗಿಸುತ್ತ, ಸಿಟ್ಟಿಗೆಬ್ಬಿಸುತ್ತ, ಮೆಲ್ಲಗೆ ಸತ್ಯ ಹೊರಗೆಳೆಯುತ್ತಾನೆ. ದೆವ್ವ ಇಲ್ಲವೇ ಇಲ್ಲ. ಇರುವುದು ಒಂಟಿ ಬಾಲ್ಯದ ಗಾಯ ಹೊತ್ತ ಒಬ್ಬ ಹೆಣ್ಣುಮಗಳು, ಅದೇ ಹೊಸ ಸೊಸೆ ಗಂಗೆ. ನೂರು ವರ್ಷದ ಹಿಂದೆ ತನ್ನಂತೆಯೇ ನೊಂದ ನರ್ತಕಿಯ ಕಥೆ ಕೇಳಿ, ಅವಳೇ ತಾನಾಗಿಹೋದವಳು.

ಕನ್ನಡಕ್ಕೆ ಬರುವಾಗ ವಾಸು ಹಲವನ್ನು ಬದಲಿಸಿದರು. ರಾಜನ ವೇಷಕ್ಕೆ ಠೀವಿ ಬಂತು, ವಿಷ್ಣುವರ್ಧನ್ ಬಾಯಲ್ಲಿ ‘ಹೌಲಾ ಹೌಲಾ’ ಬಂತು, ಗುರುಕಿರಣ್ ಹಾಡುಗಳು ಬಂದವು. ನರ್ತಕಿ ನಾಗವಲ್ಲಿ ತೆಲುಗು ಮಾತನಾಡಿದಳು. ಆದರೆ ನಡುವಿನ ತಿರುಳನ್ನು ಅವರು ಮುಟ್ಟಲಿಲ್ಲ. ಮಲಗುವ ಕೋಣೆಯ ಆ ದೃಶ್ಯ ನೆನಪಿಸಿಕೊಳ್ಳಿ. ಹೊರಗೆ ಹೊರಟ ಗಂಗಾಳನ್ನು (ಸೌಂದರ್ಯ) ಗಂಡ ಬೇಡ ಎಂದು ತಡೆಯುತ್ತಾನೆ. ವೈದ್ಯ ಹೇಳಿಕೊಟ್ಟಿರುವ ತಡೆ ಅದು, ಪರೀಕ್ಷೆಗೆಂದೇ ಮಾಡಿದ್ದು. ಮೊದಲು ಅವಳು ಹೆಂಡತಿಯಂತೆಯೇ ಕೇಳುತ್ತಾಳೆ, ಮುನಿಸಿಕೊಳ್ಳುತ್ತಾಳೆ. ಆಮೇಲೆ ದನಿ ಇಳಿಯುತ್ತದೆ, ಮುಖದ ಒಂದೊಂದೇ ಸ್ನಾಯು ಬಿಗಿಯುತ್ತದೆ, ಮಂಚ ಒಂದು ಕೈಯಲ್ಲಿ ಮೇಲೇಳುತ್ತದೆ. ಕತ್ತಲಿಲ್ಲ, ಹೊಗೆಯಿಲ್ಲ, ಬಿಳಿ ಸೀರೆ ಇಲ್ಲ. ಹಗಲು ಹೊತ್ತಿನಲ್ಲಿ, ಅಂಗೈಯಷ್ಟು ಪರಿಚಿತ ಕೋಣೆಯಲ್ಲಿ, ಜೊತೆಯಲ್ಲೇ ಬಾಳುವ ಹೆಂಡತಿ ಬೇರೆ ಯಾರೋ ಆಗಿ ಬೇರೆ ಭಾಷೆಯಲ್ಲಿ ಕೂಗುತ್ತಾಳೆ. ಕ್ಷಣದಲ್ಲಿ ಇಳಿದು ಬಂದು, ಏನಾಯಿತೆಂದು ತಿಳಿಯದೆ ಗಂಡನ ಮುಖ ನೋಡುತ್ತಾಳೆ. ನಮ್ಮ ಬೆನ್ನುಹುರಿ ತಣ್ಣಗಾಗುವುದು ಆ ಕೂಗಿಗಿಂತ ಹೆಚ್ಚಾಗಿ, ಆಮೇಲಿನ ಈ ಮುಗ್ಧ ನೋಟಕ್ಕೆ.

ಸೌಂದರ್ಯ 2004ರ ಏಪ್ರಿಲ್ 17ರಂದು ಜಕ್ಕೂರಿನ ಬಳಿಯ ವಿಮಾನ ಅಪಘಾತದಲ್ಲಿ ತೀರಿಕೊಂಡರು. ಚಿತ್ರ ಬಂದದ್ದು ಆಗಸ್ಟ್ 27ಕ್ಕೆ. ಆ ದುಃಖವೂ ಚಿತ್ರಮಂದಿರದಲ್ಲಿ ಇತ್ತು, ಅದನ್ನು ಮರೆಮಾಚುವ ಅಗತ್ಯವಿಲ್ಲ. ಆದರೆ ವರ್ಷಗಟ್ಟಲೆ ಜನ ಮತ್ತೆ ಮತ್ತೆ ನೋಡಲು ದುಃಖವೊಂದೇ ಸಾಲದು. ದ್ವಾರಕೀಶರಿಗೆ ನಿರ್ಮಾಪಕರಾಗಿ ಮರುಜೀವ ಕೊಟ್ಟ ಆ ಚಿತ್ರ ಹಿಡಿದಿಟ್ಟದ್ದು ಒಂದು ಪ್ರಶ್ನೆಯಿಂದ: ಈ ಮನೆ ಏನನ್ನು ಬಚ್ಚಿಟ್ಟಿದೆ?

ಇದೇ ಭೂತಬಂಗಲೆ ಸಿನಿಮಾದ ಜೀವನಾಡಿ. ಮನೆಗೆ ಒಂದು ಗುಟ್ಟು ಇರಬೇಕು. ಆ ಗುಟ್ಟಿಗೂ ಈಗ ಮನೆಯಲ್ಲಿರುವವರ ಎದೆಯೊಳಗಿನ ಗುಟ್ಟಿಗೂ ನಂಟಿರಬೇಕು. ಬೀಗ ಹಾಕಿದ ಕೋಣೆ ಮನೆಯಲ್ಲಿ ಒಂದು, ಮನಸ್ಸಿನಲ್ಲಿ ಒಂದು. ಎರಡೂ ಒಟ್ಟಿಗೆ ತೆರೆದುಕೊಂಡಾಗ ಬೆಚ್ಚಿ ಬೀಳುತ್ತೇವೆ. ಇಲ್ಲೇ ಮುಂದಿನ ಭಾಗದ ಮೂಲ ಸಂಕಟ ಶುರುವಾಗುವುದು. ಮೊದಲ ಚಿತ್ರ ಮುಗಿಯುವ ಹೊತ್ತಿಗೆ ಕೋಣೆ ತೆರೆದಾಯಿತು, ಒಳಗೇನಿತ್ತೆಂದು ಎಲ್ಲರಿಗೂ ಗೊತ್ತಾಯಿತು, ರೋಗಿಯೂ ವಾಸಿಯಾದಳು. ಪೊಲೀಸ್ ಕಥೆಯ ನಾಯಕನಿಗೆ ಇನ್ನೊಂದು ಪ್ರಕರಣ ಕೊಡಬಹುದು. ಗುಟ್ಟು ಖಾಲಿಯಾದ ಮನೆಗೆ ಏನು ಕೊಡುವುದು?

‘ಆಪ್ತರಕ್ಷಕ’ ಇದಕ್ಕೆ ಕಂಡುಕೊಂಡ ದಾರಿ ನಿಜಕ್ಕೂ ಜಾಣತನದ್ದು. ಅದು ಹಳೆಯ ಅರಮನೆಯನ್ನು ಬಿಟ್ಟು ಹೊರಟಿತು. ನಾಗವಲ್ಲಿಯ ಚಿತ್ರಪಟವೊಂದು ಬೇರೆಯೇ ಕುಟುಂಬದ ಮನೆಗೆ ಬರುತ್ತದೆ. ಕಾಯಿಲೆ ಮನೆಯ ಯಾವ ಹೆಣ್ಣುಮಗಳಿಗೆ ಎಂಬ ಅನುಮಾನ ಒಬ್ಬರಿಂದ ಒಬ್ಬರಿಗೆ ದಾಟುತ್ತದೆ. ಹಳೆಯ ವೈದ್ಯ ವಿಜಯ್ ಮತ್ತೆ ಬರುತ್ತಾನೆ, ಅಂದರೆ ಹುಡುಕುವ ಕಣ್ಣು ಉಳಿಯುತ್ತದೆ. ಅದರ ಜೊತೆಗೆ ಆ ರಾಜ ಇನ್ನೂ ಬದುಕಿದ್ದಾನೆ ಎಂಬ ಬೆರಗಿನ ತಿರುವು. ತರ್ಕಕ್ಕೆ ನಿಲ್ಲದ ತಿರುವೇ, ಒಪ್ಪುತ್ತೇನೆ. ಆದರೂ ಪ್ರೇಕ್ಷಕನಿಗೆ ಗೊತ್ತಿಲ್ಲದ ಏನೋ ಒಂದು ಕೊನೆಯವರೆಗೆ ಉಳಿದಿತ್ತು. ವಿಷ್ಣುವರ್ಧನ್ 2009ರ ಡಿಸೆಂಬರ್ 30ರಂದು ಅಗಲಿ ಎರಡು ತಿಂಗಳೂ ಆಗಿರಲಿಲ್ಲ. ಕೊನೆಯ ಸಲ ಯಜಮಾನರನ್ನು ತೆರೆಯ ಮೇಲೆ ನೋಡಲು ಹೋದವರು ಅಳುತ್ತಲೇ ನೋಡಿದರು. ಆ ಗೆಲುವಿನಲ್ಲಿ ಕಥೆಯ ಪಾಲೆಷ್ಟು, ಅಭಿಮಾನದ ಪಾಲೆಷ್ಟು ಎಂದು ತೂಗಿ ಹೇಳುವುದು ಕಷ್ಟ.

ಅದೇ ಕಥೆ ವೆಂಕಟೇಶ್, ಅನುಷ್ಕಾ ಅವರೊಂದಿಗೆ ‘ನಾಗವಲ್ಲಿ’ಯಾಗಿ ತೆಲುಗಿಗೆ ಹೋದಾಗ ಸೋತಿತು. ಹಾಗಾಗಿ ಕಥೆಯ ಜಾಣತನ ಒಂದರಿಂದಲೇ ಗೆಲುವು ಎಂದು ನಾನು ಹೇಳುವುದಿಲ್ಲ. ತೆಲುಗಿನವರು ಮೊದಲ ಭಾಗವನ್ನು ರಜನಿಕಾಂತ್ ಚಿತ್ರದ ಡಬ್ಬಿಂಗ್‌ನಲ್ಲಿ ನೋಡಿದ್ದರು, ಮುಂದಿನ ಭಾಗದಲ್ಲಿ ನಾಯಕನೇ ಬೇರೆ. ಕನ್ನಡದವರಿಗಾದರೋ ಅದೇ ಡಾಕ್ಟರ್ ವಿಜಯ್, ಅದೇ ಮುಖ, ಅದೇ ನಡೆ. ಭಯದ ಮನೆಯೊಳಗೆ ನಮ್ಮ ಕೈ ಹಿಡಿದು ನಡೆಸುವವನು ಬದಲಾದರೆ ನಂಬಿಕೆ ಮತ್ತೆ ಸೊನ್ನೆಯಿಂದ ಹುಟ್ಟಬೇಕಾಗುತ್ತದೆ.

ಹಾಗೆಂದು ಹಳೆಯ ನಾಯಕ ಬಂದರೆ ಸಾಕೇ? ಅದೂ ಇಲ್ಲ. 2013ರಲ್ಲಿ ಪ್ರಿಯದರ್ಶನ್ ‘ಗೀತಾಂಜಲಿ’ಯಲ್ಲಿ ‘ಮಣಿಚಿತ್ರತ್ತಾಳ್’ನ ಮನೋವೈದ್ಯ, ಮೋಹನ್‌ಲಾಲ್ ಅವರ ಡಾಕ್ಟರ್ ಸನ್ನಿಯನ್ನೇ ಮರಳಿ ಕರೆತಂದರು. ಮಲಯಾಳಿಗಳು ಇಪ್ಪತ್ತು ವರ್ಷ ಪ್ರೀತಿಸಿದ ಪಾತ್ರ ಅದು. ಅವಳಿ ಸೋದರಿಯರ ಹೊಸ ಕಥೆಯೊಂದಕ್ಕೆ ಅವನನ್ನು ತಂದು ನಿಲ್ಲಿಸಿದಂತಾಯಿತು, ಚಿತ್ರ ಹಿಡಿಸಲಿಲ್ಲ. ಇನ್ನೊಂದು ದಿಕ್ಕಿನಲ್ಲಿ, ಇದೇ ಕಥೆಯ ಹಿಂದಿ ರೂಪಕ್ಕೆ ಮುಂದಿನ ಭಾಗವಾದ ‘ಭೂಲ್ ಭುಲಯ್ಯಾ 2’ ಇದೆ. 2022ರ ಆ ಚಿತ್ರದಲ್ಲಿ ಹಳೆಯ ವೈದ್ಯನೂ ಇಲ್ಲ, ಹಳೆಯ ರೋಗಿಯೂ ಇಲ್ಲ, ದೆವ್ವವನ್ನು ನಿಜವೆಂದೇ ಒಪ್ಪಿಕೊಂಡಿದೆ. ಮೊದಲ ಚಿತ್ರದ ವಿಚಾರವನ್ನು ಅದು ಕೈಬಿಟ್ಟದ್ದು ನನಗೆ ಹಿಡಿಸಿಲ್ಲ. ಆದರೆ ಅದು ಭಾರಿ ಗೆದ್ದದ್ದು ಯಾಕೆ ಎಂದು ಕೇಳಿಕೊಂಡರೆ ಉತ್ತರ ಸಿಗುತ್ತದೆ. ತಬು ಮಾಡಿದ ಅವಳಿ ಸೋದರಿಯರಲ್ಲಿ ಕೆಟ್ಟವಳು ಯಾರು ಎಂಬ ಗುಟ್ಟನ್ನು ಆ ಹವೇಲಿ ಕೊನೆಯವರೆಗೆ ಬಿಟ್ಟುಕೊಡುವುದಿಲ್ಲ. ದೆವ್ವ ನಿಜವೋ ಸುಳ್ಳೋ, ಬಚ್ಚಿಡಲು ಮನೆಗೆ ಏನಾದರೂ ಇದ್ದರೆ ಪ್ರೇಕ್ಷಕ ಕೂರುತ್ತಾನೆ.

ಈಗ ‘ಚಂದ್ರಮುಖಿ 2’ಕ್ಕೆ ಬರೋಣ. ಮೇಲಿಂದ ಮೇಲೆ ಕಷ್ಟ ಎದುರಿಸಿದ ಶ್ರೀಮಂತ ಕುಟುಂಬವೊಂದಕ್ಕೆ ಗುರುಗಳು ಕುಲದೇವರ ಗುಡಿಯಲ್ಲಿ ಪೂಜೆ ಮಾಡಲು ಹೇಳುತ್ತಾರೆ. ಗುಡಿ ಇರುವುದು ವೇಟ್ಟೈಯಪುರಂನಲ್ಲಿ, ಉಳಿದುಕೊಳ್ಳಲು ಸಿಗುವುದು ಅದೇ ಅರಮನೆ. ಗೊತ್ತಿದ್ದೂ ಗೊತ್ತಿದ್ದೂ ದೆವ್ವದ ಮನೆಗೆ ಯಾಕೆ ಹೋದರು ಎಂಬುದು ಇಂಥ ಎಲ್ಲ ಮುಂದಿನ ಭಾಗಗಳಿಗೂ ಎದುರಾಗುವ ಪ್ರಶ್ನೆ. ಇಲ್ಲಿ ಕೊಟ್ಟ ಉತ್ತರ ಒಳ್ಳೆಯದು. ಕುಲದೇವರನ್ನು ಮರೆತರೆ ಮನೆಗೆ ಒಳಿತಾಗದು ಎಂದು ನಂಬಿ, ವರ್ಷಗಳ ಮೇಲೆ ಹಳ್ಳಿಯ ಪಾಳುಗುಡಿ ಹುಡುಕಿಕೊಂಡು ಹೊರಡುವ ಕುಟುಂಬಗಳು ನಮ್ಮಲ್ಲಿ ಊರಿಗೆ ಹತ್ತಿವೆ. ಅದರಲ್ಲಿ ತಪ್ಪಿತಸ್ಥ ಭಾವ ಇದೆ, ಮುರಿದ ಸಂಬಂಧಗಳಿವೆ, ಹೇಳದ ಮಾತುಗಳಿವೆ. ಚಿತ್ರದಲ್ಲೂ ಇವೆ. ಬೇರೆ ಧರ್ಮದವನನ್ನು ಮದುವೆಯಾಗಿ ಮನೆ ಬಿಟ್ಟು ಹೋದ ಮಗಳು, ಅವಳ ಸಾವಿನ ನಂತರ ಅನಾಥರಾದ ಮಕ್ಕಳು, ಅವರನ್ನು ನೋಡಿಕೊಳ್ಳುವ ಪಾಂಡಿಯನ್ (ರಾಘವ ಲಾರೆನ್ಸ್). ಅಪಘಾತದಿಂದ ಗಾಲಿಕುರ್ಚಿ ಹಿಡಿದ ಇನ್ನೊಬ್ಬ ಮಗಳು ದಿವ್ಯಾ, ಆ ಪಾತ್ರದಲ್ಲಿ ಲಕ್ಷ್ಮಿ ಮೆನನ್.

ಇಷ್ಟನ್ನು ಓದಿದಾಗಲೇ ಒಂದು ಒಳ್ಳೆಯ ಸಿನಿಮಾ ಕಣ್ಣಿಗೆ ಕಟ್ಟುತ್ತದೆ. ನಡೆಯಲಾಗದ ಹುಡುಗಿ, ನಾಟ್ಯವೇ ಉಸಿರಾಗಿದ್ದ ನರ್ತಕಿಯ ಅರಮನೆಗೆ ಬರುತ್ತಾಳೆ. ಅವಳ ಮನಸ್ಸು ಆ ನರ್ತಕಿಯನ್ನು ಯಾಕೆ ಬಯಸೀತು ಎಂಬುದಕ್ಕೆ ವಿವರಣೆಯೇ ಬೇಡ. ಗಂಗಾಳ ಬಾಲ್ಯದ ಗಾಯ ಮಾಡಿದ ಕೆಲಸವನ್ನು ಇಲ್ಲಿ ದಿವ್ಯಾಳ ಕಾಲುಗಳು ಮಾಡಬಹುದಿತ್ತು. ಚಿತ್ರ ಆ ಬಾಗಿಲವರೆಗೆ ಹೋಗಿ ತಿರುಗಿ ಬಂದಿದೆ. ದಿವ್ಯಾ ಎದ್ದು ನಿಲ್ಲುವುದು ಅವಳೊಳಗಿನ ಬಯಕೆಯಿಂದ ಅಲ್ಲ, ಹೊರಗಿನ ಆತ್ಮವೊಂದು ಹೊಕ್ಕಿದ್ದರಿಂದ. ಹಾಗಾದ ಮೇಲೆ ಅವಳು ಯಾರಾಗಿದ್ದರೂ ಒಂದೇ. ಅವಳ ನೋವಿಗೂ ಚಂದ್ರಮುಖಿಯ ನೋವಿಗೂ ನಡುವಿನ ತಂತು ಕಡಿದುಹೋಯಿತು. ಆತ್ಮ ಯಾವುದು, ಎಲ್ಲಿಂದ ಬಂತು, ಅದಕ್ಕೇನು ಬೇಕು ಎಂಬುದೆಲ್ಲ ಟಿಕೆಟ್ ಕೊಳ್ಳುವ ಮೊದಲೇ ನಮಗೆ ಗೊತ್ತು.

ಹಾಗಾದರೆ ಚಿತ್ರದಲ್ಲಿ ಗುಟ್ಟೇ ಇಲ್ಲವೇ? ಒಂದಿದೆ. ನಾವು ವೇಟ್ಟೈಯನ್ ರಾಜ ಎಂದುಕೊಂಡವನು ನಿಜವಾದ ರಾಜನಲ್ಲ, ಅವನ ಸೇನಾಪತಿ ಸೆಂಗೋಟ್ಟೈಯನ್, ಹೆಸರನ್ನೂ ಸಿಂಹಾಸನವನ್ನೂ ಕದ್ದವನು. ಫ್ಲ್ಯಾಶ್‌ಬ್ಯಾಕಿನ ಬಹುಪಾಲು ಇದಕ್ಕೇ ಮೀಸಲು. ಆದರೆ ಈ ಗುಟ್ಟು ಬಯಲಾದರೆ ಇಂದು ಅರಮನೆಯಲ್ಲಿ ಮಲಗಿರುವ ಯಾರ ನಿದ್ದೆಯೂ ಕೆಡುವುದಿಲ್ಲ. ಇತಿಹಾಸದ ಪುಟವೊಂದು ತಿದ್ದಿದಂತಾಯಿತು, ಅಷ್ಟೆ. ‘ಆಪ್ತಮಿತ್ರ’ದಲ್ಲಿ ನಾಗವಲ್ಲಿಯ ಹಳೆಯ ಕಥೆ ಬಿಚ್ಚಿಕೊಂಡಷ್ಟೂ ಗಂಗಾಳ ಬಗ್ಗೆ ನಮ್ಮ ಆತಂಕ ಹೆಚ್ಚುತ್ತಿತ್ತು. ಇಲ್ಲಿ ಹಳೆಯ ಕಥೆ ಬಿಚ್ಚಿಕೊಂಡಷ್ಟೂ ವರ್ತಮಾನ ಮರೆತುಹೋಗುತ್ತದೆ.

ಇನ್ನೊಂದು ನಷ್ಟ ನನ್ನನ್ನು ಹೆಚ್ಚು ಕಾಡಿದ್ದು. ಚಂದ್ರಮುಖಿ, ನಾಗವಲ್ಲಿ ಎಂದು ಯಾವ ಹೆಸರಿನಿಂದ ಕರೆದರೂ ಅವಳು ನ್ಯಾಯ ಸಿಗದೆ ಸತ್ತ ಹೆಣ್ಣು. ರಾಜನೊಬ್ಬ ಅವಳನ್ನು ಅವಳ ಊರಿನಿಂದ ಕಿತ್ತು ತಂದ, ಅವಳು ಪ್ರೀತಿಸಿದವನನ್ನು ಕೊಂದ, ಅವಳನ್ನೂ ಕೊಂದ. ‘ರಾ ರಾ’ ಹಾಡು ಜನರ ಎದೆಯಲ್ಲಿ ಉಳಿದದ್ದು ಭಯ ಹುಟ್ಟಿಸಿದ್ದರಿಂದ ಮಾತ್ರ ಅಲ್ಲ, ಅದರಲ್ಲಿ ಪ್ರಿಯಕರನನ್ನು ಕರೆಯುವ ದನಿ ಇದ್ದುದರಿಂದ. ಕಂಗನಾ ಅವರಂಥ ನಟಿಯನ್ನು ತಂದು ಚಂದ್ರಮುಖಿಯನ್ನು ಮೊದಲ ಬಾರಿ ಅವಳ ಕಾಲದಲ್ಲೇ, ಅವಳ ಮೈಯಲ್ಲೇ ತೋರಿಸುವ ಅವಕಾಶ ಇತ್ತು. ಆದರೆ ಕಥೆ ಇಬ್ಬರು ಗಂಡಸರ ಪಟ್ಟದ ಜಗಳಕ್ಕೆ ವಾಲಿತು. ಕೊನೆಯಲ್ಲಿ ದಿವ್ಯಾಳೊಳಗಿನ ಆತ್ಮಕ್ಕೂ ಪಾಂಡಿಯನ್ ಮೈಮೇಲೆ ಬಂದ ರಾಜನ ಆತ್ಮಕ್ಕೂ ಹೊಡೆದಾಟ. ಎರಡು ದೆವ್ವ ಎದುರುಬದುರಾದ ಮೇಲೆ ಹೆದರಬೇಕಾದ ಮನುಷ್ಯ ಎಲ್ಲಿ?

ಇದಕ್ಕೆ ನಾಯಕನ ಆಯ್ಕೆಯೂ ಕಾರಣ. ರಾಘವ ಲಾರೆನ್ಸ್ ದೊಡ್ಡ ನರ್ತಕ, ಜನರ ನಾಡಿ ಬಲ್ಲವರು. 2007ರ ‘ಮುನಿ’, 2011ರ ‘ಕಾಂಚನಾ’ ಮತ್ತು ಅದರ ಮುಂದಿನ ಭಾಗಗಳಲ್ಲಿ ಅವರು ತಮ್ಮದೇ ಒಂದು ಬಗೆ ಕಟ್ಟಿದ್ದಾರೆ. ಹೆದರುಪುಕ್ಕಲ ನಾಯಕ, ಅವನ ಮೈಮೇಲೆ ಬರುವ ಆತ್ಮ, ಆ ಆತ್ಮದ ಸೇಡು, ಅಬ್ಬರದ ಹಾಡು. ಅದು ಅದರ ಜಾಗದಲ್ಲಿ ಚೆನ್ನ. ವಾಸು ಅವರಿಗೂ ಲಾರೆನ್ಸ್ ಹೊಸಬರಲ್ಲ. ಶಿವರಾಜ್‌ಕುಮಾರ್ ನಟಿಸಿದ ‘ಶಿವಲಿಂಗ’ವನ್ನು 2017ರಲ್ಲಿ ತಮಿಳಿನಲ್ಲಿ ಇದೇ ಲಾರೆನ್ಸ್, ವಡಿವೇಲು ಅವರೊಂದಿಗೆ ವಾಸು ಮತ್ತೆ ಮಾಡಿದ್ದರು. ಆದರೆ ‘ಚಂದ್ರಮುಖಿ’ಯ ನಾಯಕನ ಕೆಲಸ ಮೈಮೇಲೆ ಬರಿಸಿಕೊಳ್ಳುವುದಲ್ಲ, ಬಂದವರನ್ನು ಗಮನಿಸುವುದು. ರಾಜನ ವೇಷ ತೊಟ್ಟಾಗಲೂ ಅವನು ವೈದ್ಯನಾಗಿಯೇ ಉಳಿದು ನಟಿಸುತ್ತಿರುತ್ತಾನೆ. ವೇಷದ ಹಿಂದೆ ಒಬ್ಬ ಎಚ್ಚರದ ಮನುಷ್ಯ ಇದ್ದಾನೆ ಎಂಬ ಅರಿವೇ ಆ ದೃಶ್ಯಗಳ ರೋಮಾಂಚನ. ವೈದ್ಯನನ್ನೇ ತೆಗೆದುಹಾಕಿದ ಮೇಲೆ ಅದು ಉಳಿಯಲಿಲ್ಲ. ಹೆಸರು ಚಂದ್ರಮುಖಿಯದು, ಬಂದದ್ದು ಇನ್ನೊಂದು ಕಾಂಚನಾ.

ವೈದ್ಯ ಹೋದದ್ದು ಕಥೆಗಷ್ಟೇ ನಷ್ಟವಲ್ಲ. ಮೂಲ ಚಿತ್ರದ ಚಿಕಿತ್ಸೆ ಮನೋವೈದ್ಯಶಾಸ್ತ್ರದ ಪಠ್ಯಕ್ಕೆ ಒಪ್ಪುವಂಥದ್ದಲ್ಲ, ನಿಜ. ತಿರುಗುವ ಹಲಗೆಯ ಮೇಲೆ ಗೊಂಬೆ ಮಲಗಿಸಿ ಸೇಡು ತೀರಿಸಿದರೆ ಕಾಯಿಲೆ ಹೋಗುವುದಿಲ್ಲ. ಆದರೂ ಆ ಚಿತ್ರ ಒಂದು ದೊಡ್ಡ ಕೆಲಸ ಮಾಡಿತು. ಮಂತ್ರವಾದಿಯನ್ನು ಹೀಯಾಳಿಸಲಿಲ್ಲ, ವೈದ್ಯನನ್ನು ದೇವರಾಗಿಸಲಿಲ್ಲ. ‘ಆಪ್ತಮಿತ್ರ’ದಲ್ಲಿ ಅವಿನಾಶ್ ಮಾಡಿದ ಆಚಾರ್ಯರು ವೈದ್ಯನ ಮಾತಿಗೆ ಕಿವಿಗೊಟ್ಟು, ತಮ್ಮ ಪೂಜೆ, ಮಂಡಲ, ಹೋಮವನ್ನೆಲ್ಲ ಅವನ ಚಿಕಿತ್ಸೆಗೆ ರಂಗಸಜ್ಜಿಕೆಯಾಗಿ ಬಿಟ್ಟುಕೊಡುತ್ತಾರೆ. ಮೈಮೇಲೆ ಬಂದಿದೆ ಎಂದು ಹೆಣ್ಣುಮಕ್ಕಳಿಗೆ ಬೇವಿನ ಸೊಪ್ಪಿನಲ್ಲಿ ಹೊಡೆಯುವುದನ್ನು ಕಂಡ ಊರುಗಳಲ್ಲಿ, ಇವಳು ದೆವ್ವ ಅಲ್ಲ, ನೊಂದವಳು ಎಂದು ವಿಷ್ಣುವರ್ಧನ್ ಹೇಳಿದ ಮಾತಿಗೆ ಬೆಲೆ ಇತ್ತು. ‘ಚಂದ್ರಮುಖಿ 2’ರಲ್ಲಿ ಗುರು ಉಳಿದರು, ವೈದ್ಯ ಇಲ್ಲ. ಮೊದಲ ಚಿತ್ರ ಎರಡೂವರೆ ಗಂಟೆ ಕಷ್ಟಪಟ್ಟು ಬಿಡಿಸಿದ ಗಂಟನ್ನು ಎರಡನೆಯದು ಮತ್ತೆ ಹಾಕಿತು. ಗಂಗಾಳಿಗೂ ನಿಜವಾಗಿ ದೆವ್ವವೇ ಹಿಡಿದಿತ್ತೇನೋ ಎಂಬ ಅನುಮಾನವನ್ನು ಹಿಂದಕ್ಕೂ ಚೆಲ್ಲಿತು. ಮುಂದಿನ ಭಾಗವೊಂದು ತನ್ನ ಹಿಂದಿನ ಚಿತ್ರಕ್ಕೆ ಮಾಡಬಹುದಾದ ಅತಿ ದೊಡ್ಡ ಅನ್ಯಾಯ ಇದು.

ಇಂಥ ಚಿತ್ರಗಳು ಮತ್ತೆ ಮತ್ತೆ ಯಾಕೆ ಆಗುತ್ತವೆ ಎಂಬುದಕ್ಕೆ ದೊಡ್ಡ ತನಿಖೆ ಬೇಕಿಲ್ಲ. ಚೆನ್ನೈನ ಶಾಂತಿ ಚಿತ್ರಮಂದಿರದಲ್ಲಿ ಎರಡು ವರ್ಷಕ್ಕೂ ಹೆಚ್ಚು ಕಾಲ ಓಡಿದ ಚಿತ್ರದ ಹೆಸರು ‘ಚಂದ್ರಮುಖಿ’. ಹೊಸ ಕಥೆಯನ್ನು ಐದು ಭಾಷೆಯ ಪ್ರೇಕ್ಷಕರಿಗೆ ಪರಿಚಯಿಸಲು ಬೇಕಾದ ಖರ್ಚನ್ನು ಹಳೆಯ ಹೆಸರೊಂದು ಉಳಿಸುತ್ತದೆ, ಒಟಿಟಿ ಮತ್ತು ಟಿವಿ ಹಕ್ಕಿನ ಮಾತುಕತೆಯನ್ನೂ ಸುಲಭ ಮಾಡುತ್ತದೆ. 2020ರ ಏಪ್ರಿಲ್‌ನಲ್ಲಿ ಲಾರೆನ್ಸ್ ಕೊರೊನಾ ಪರಿಹಾರಕ್ಕೆ 3 ಕೋಟಿ ರೂಪಾಯಿ ಕೊಟ್ಟಾಗ, ಅದು ಈ ಚಿತ್ರಕ್ಕೆ ಪಡೆದ ಮುಂಗಡದಿಂದ ಎಂದು ಹೇಳಿದ್ದರು. 2022ರ ಜುಲೈನಲ್ಲಿ ಮೈಸೂರಿನಲ್ಲಿ ಚಿತ್ರೀಕರಣ ಶುರುವಾಗುವುದಕ್ಕೆ ಎರಡು ವರ್ಷ ಮೊದಲೇ ಹೆಸರು ಕೆಲಸ ಶುರುಮಾಡಿತ್ತು. ಅರಮನೆ ಬಚ್ಚಿಟ್ಟದ್ದೇನು ಎಂಬ ಪ್ರಶ್ನೆಗೆ ಮಾತ್ರ ಬಿಡುಗಡೆಯ ದಿನದವರೆಗೂ ಉತ್ತರ ಸಿದ್ಧವಾಗಿರಲಿಲ್ಲ.

ಇತ್ತ 2024ರ ಆಗಸ್ಟ್‌ನಲ್ಲಿ ‘ಮಣಿಚಿತ್ರತ್ತಾಳ್’ ಹೊಸ ಹೊಳಪಿನೊಂದಿಗೆ ಮತ್ತೆ ತೆರೆಗೆ ಬಂದಾಗ, ಕಥೆಯ ಪ್ರತಿ ತಿರುವು ಬಾಯಿಪಾಠವಾಗಿದ್ದ ಜನರೇ ಚಿತ್ರಮಂದಿರಕ್ಕೆ ಹೋದರು. ಗುಟ್ಟು ಗೊತ್ತಿದ್ದರೂ ಯಾಕೆ ಹೋದರು ಎಂದು ನನ್ನ ವಾದಕ್ಕೇ ಎದುರು ಪ್ರಶ್ನೆ ಹಾಕಬಹುದು. ಗೊತ್ತಿದ್ದವರು ಹೋದದ್ದು ಶೋಭನಾ ಮುಖದಲ್ಲಿ ಆ ಗುಟ್ಟು ಎಷ್ಟು ಬೇಗ ಇಣುಕುತ್ತದೆ ಎಂದು ಹುಡುಕಲು. ಎರಡನೇ ಸಲ ನೋಡುವಾಗ ಗಂಗೆ ಮೊದಲ ದೃಶ್ಯದಿಂದಲೇ ಬೇರೆಯವಳಾಗಿ ಕಾಣುತ್ತಾಳೆ. ‘ಚಂದ್ರಮುಖಿ 2’ ಅನ್ನು ಎರಡನೇ ಸಲ ನೋಡಿದರೆ ಹೊಸದಾಗಿ ಕಾಣುವ ಮುಖ ಒಂದೂ ಇಲ್ಲ.

ಮುಂದುವರಿಸಲು ಕಥೆ ಉಳಿದೇ ಇರಲಿಲ್ಲ ಎನ್ನುವವರನ್ನು ನಾನು ಒಪ್ಪುವುದಿಲ್ಲ. ಉಳಿದಿದ್ದವಳು ಗಂಗಾ. ಕಾಯಿಲೆ ವಾಸಿಯಾದ ಮೇಲೆ ಆ ಹೆಣ್ಣುಮಗಳು ಹೇಗೆ ಬದುಕಿದಳು? ತನ್ನ ಕೈಯಿಂದ ಏನೇನಾಯಿತೆಂದು ಅವಳಿಗೆ ಯಾರು ಹೇಳಿದರು, ಎಷ್ಟು ಹೇಳಿದರು? ರಾತ್ರಿ ಅವಳು ಎದ್ದು ನೀರು ಕುಡಿಯಲು ಹೋದರೆ ಗಂಡ ಕಣ್ಣು ಮುಚ್ಚಿ ಮಲಗಿರಬಲ್ಲನೇ? ದೂರದಲ್ಲಿ ಗೆಜ್ಜೆ ಸದ್ದು ಕೇಳಿದರೆ ಅವಳು ಏನು ಮಾಡುತ್ತಾಳೆ? ಮನೋರೋಗದಿಂದ ಚೇತರಿಸಿಕೊಂಡು ಮನೆಗೆ ಮರಳಿದ ಪ್ರತಿಯೊಬ್ಬರೂ, ಅವರನ್ನು ಪ್ರೀತಿಯಿಂದ ಆದರೂ ಒಳಗೊಳಗೆ ಅಂಜುತ್ತ ನೋಡುವ ಮನೆಯವರೂ ಇದೇ ಪ್ರಶ್ನೆಗಳ ನಡುವೆ ಬದುಕುತ್ತಿದ್ದಾರೆ. ಇದಕ್ಕೆ ಅರಮನೆ ಬೇಕಿಲ್ಲ, ಎರಡು ಕೋಣೆಯ ಬಾಡಿಗೆ ಮನೆ ಸಾಕು. ಐದು ಸಲ ಈ ಕಥೆಗೆ ಕೈಹಾಕಿದವರು, ಅದರ ಮೇಲೆ ಕೋಟಿಗಟ್ಟಲೆ ಹಣ ಹೂಡಿದವರು ನರ್ತಕಿಯ ಹಿಂದೆ ಹೋದರು, ರಾಜನ ಹಿಂದೆ ಹೋದರು, ಚಿತ್ರಪಟದ ಹಿಂದೆಯೂ ಹೋದರು. ಗಂಗಾಳನ್ನು ಮತ್ತೊಮ್ಮೆ ಹೋಗಿ ಮಾತನಾಡಿಸಲಿಲ್ಲ.